ಮುಚ್ಚುವ ಮುಂಚೆ ನೋಡಿ: ಮೂವತ್ತು–ನಲವತ್ತರ ಸೈಟಿನಲ್ಲಿ ಒಂದು ಮನೆ

ಮೂವತ್ತು–ನಲವತ್ತರ ಸೈಟು ಕೊಂಡವರಿಗೊಂದು ಅನುಕೂಲವಿದೆ. ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದರೆ ಸರಿಯಾಗಿ 50 ಅಡಿ ಬರಬೇಕು. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಪೈಥಾಗರಸ್ ಪ್ರಮೇಯ ನಮ್ಮಂಥವರ ಉಪಯೋಗಕ್ಕೆ ಬರುವುದು ಬಹುಶಃ ಇದೊಂದೇ ಸಲ. ಎರಡೂ ಕರ್ಣಗಳನ್ನು ಅಳೆಯಿರಿ. ಒಂದು ನಲವತ್ತೊಂಬತ್ತೂವರೆ, ಇನ್ನೊಂದು ಐವತ್ತೂವರೆ ಬಂತೆಂದರೆ ಸೈಟು ಓರೆಯಾಗಿದೆ ಎಂದರ್ಥ. ಪಕ್ಕದವರ ಕಾಂಪೌಂಡು ಒಳಗೆ ಬಂದಿರಬಹುದು, ಲೇಔಟಿನವರು ನೆಟ್ಟ ಕಲ್ಲು ಜರುಗಿರಬಹುದು. ಸರ್ವೇಯರನ್ನು ಕರೆಸಬೇಕಾದ್ದು ಆಗ, ಗೋಡೆ ಸೊಂಟದೆತ್ತರ ಎದ್ದ ಮೇಲಲ್ಲ.

ಮನೆ ಕಟ್ಟುವಾಗ ನಾವು ತಲೆಕೆಡಿಸಿಕೊಳ್ಳುವುದೆಲ್ಲ ಕಣ್ಣಿಗೆ ಕಾಣುವುದರ ಬಗ್ಗೆ: ಯಾವ ಟೈಲ್ಸ್, ಅಡುಗೆಮನೆಗೆ ಯಾವ ಬಣ್ಣದ ಗ್ರಾನೈಟು, ಮುಂಬಾಗಿಲು ತೇಗದ್ದೋ ಹೊನ್ನೆಯದ್ದೋ. ಇವು ಇಷ್ಟವಾಗದಿದ್ದರೆ ಹತ್ತು ವರ್ಷ ಬಿಟ್ಟು ಬದಲಾಯಿಸಬಹುದು. ಪಾಯ, ಕಂಬದೊಳಗಿನ ಕಂಬಿ, ಗೋಡೆಯೊಳಗಿನ ಪೈಪು ಹಾಗಲ್ಲ. ಅವು ಕಾಣುವುದು ಒಂದೆರಡು ದಿನ ಮಾತ್ರ. ಆಮೇಲೆ ಮಣ್ಣೋ ಕಾಂಕ್ರೀಟೋ ಗಾರೆಯೋ ಮುಚ್ಚಿಬಿಡುತ್ತದೆ. ತಿಂಗಳುಗಟ್ಟಲೆ ನಡೆಯುವ ಕೆಲಸದಲ್ಲಿ ಮನೆಯವರು ರಜೆ ಹಾಕಿ ನಿಲ್ಲಲೇಬೇಕಾದ ದಿನಗಳು ಹತ್ತು ಹನ್ನೆರಡು ಇದ್ದಾವು. ಅವು ಯಾವುವೆಂದು ಗೊತ್ತಿದ್ದರೆ ಉಳಿದ ದಿನ ಮೇಸ್ತ್ರಿಯ ಬೆನ್ನು ಹತ್ತಬೇಕಿಲ್ಲ.

ಕಾಗದಪತ್ರದ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಮೂಲ ಪತ್ರದಿಂದ ನಿಮ್ಮ ಕ್ರಯಪತ್ರದವರೆಗೆ ಕೊಂಡಿ ತಪ್ಪಿರಬಾರದು. ಜಮೀನು ಕೃಷಿಯೇತರ ಬಳಕೆಗೆ ಪರಿವರ್ತನೆಯಾಗಿರಬೇಕು. ಋಣಭಾರ ಪ್ರಮಾಣಪತ್ರ, ಅಂದರೆ ಎಲ್ಲರೂ ಇಸಿ ಎನ್ನುವುದು, ಸೈಟು ಕೊಳ್ಳುವಾಗ ತೆಗೆಸಿದ್ದರೂ ಸಾಲಕ್ಕೆ ಹೋಗುವ ಮುನ್ನ ಇನ್ನೊಮ್ಮೆ ತೆಗೆಸಿ. ಖಾತೆ, ಕಂದಾಯದ ರಸೀದಿ, ಮಂಜೂರಾದ ನಕ್ಷೆ ಇಲ್ಲದೆ ಬ್ಯಾಂಕು ಮುಂದುವರಿಯುವುದಿಲ್ಲ. ಬ್ಯಾಂಕಿನ ವಕೀಲರು ನೋಡಿ ಒಪ್ಪಿದರೆಂದು ನೀವು ಹಾಯಾಗಿ ಇರಬೇಡಿ. ಅವರು ನೋಡುವುದು ಬ್ಯಾಂಕಿನ ದುಡ್ಡಿನ ಭದ್ರತೆಯನ್ನು. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಬೆಲೆಯ ಶೇ. 90ರಷ್ಟನ್ನು, 75 ಲಕ್ಷದವರೆಗಿನದು ಶೇ. 80ರಷ್ಟನ್ನು ಮೀರುವಂತಿಲ್ಲ. ಅದೂ ಒಟ್ಟಿಗೆ ಕೈಗೆ ಬರುವುದಿಲ್ಲ. ಪಾಯ, ಲಿಂಟಲ್, ಮೋಲ್ಡ್ ಎಂದು ಹಂತಹಂತವಾಗಿ ಬರುತ್ತದೆ. ಹಾಗಾಗಿ ಮೊದಲ ಕಂತಿಗಿಂತ ಮುಂಚಿನ ಖರ್ಚೆಲ್ಲ ನಿಮ್ಮ ಜೇಬಿನಿಂದಲೇ ಹೋಗಬೇಕು.

ನಕ್ಷೆ ಎಂದಾಗ ಎರಡು ಬೇರೆ ಬೇರೆ ವಸ್ತುಗಳು ಒಂದೇ ಹೆಸರಿನಲ್ಲಿ ಓಡಾಡುತ್ತವೆ. ಮಂಜೂರಾತಿಗೆ ಕೊಡುವುದು ಒಂದು. ಮೇಸ್ತ್ರಿಯ ಕೈಗೆ ಕೊಡಬೇಕಾದ ಕೆಲಸದ ನಕ್ಷೆಗಳು ಇನ್ನೊಂದು. ಇವುಗಳಲ್ಲಿ ಕಂಬ–ತೊಲೆಗಳ ಕಂಬಿಯ ಲೆಕ್ಕ, ಸ್ವಿಚ್ಚಿನ ಜಾಗ, ಪೈಪಿನ ದಾರಿ ಎಲ್ಲ ಇರುತ್ತದೆ. ಮೊದಲನೆಯದು ಮಾತ್ರ ಮಾಡಿಸಿ ಎರಡನೆಯದನ್ನು ಮೇಸ್ತ್ರಿಯ ಅನುಭವಕ್ಕೆ ಬಿಡುವವರೇ ಹೆಚ್ಚು. ಮೇಸ್ತ್ರಿಯ ಅನುಭವ ದೊಡ್ಡದೇ. ಆದರೆ ಅವರ ಹಿಂದಿನ ಮನೆಯ ಹಾಲು ಹನ್ನೆರಡಡಿ ಅಗಲವಿದ್ದು ನಿಮ್ಮದು ಹದಿನಾರಡಿ ಇದ್ದರೆ ಆ ಅನುಭವ ಲೆಕ್ಕಕ್ಕೆ ಬರುವುದಿಲ್ಲ. ಸ್ಟ್ರಕ್ಚರಲ್ ಎಂಜಿನಿಯರಿಗೆ ಕೊಡುವ ಶುಲ್ಕ ಒಟ್ಟು ಖರ್ಚಿನಲ್ಲಿ ಬಹಳ ಸಣ್ಣ ಪಾಲು. ಇನ್ನು, ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿಕೊಳ್ಳಲು 1972ರ ಕಾಯ್ದೆಯ ಪ್ರಕಾರ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಣಿ ಇರಲೇಬೇಕು. ನೋಂದಣಿ ಸಂಖ್ಯೆ ಕೇಳಿದರೆ ಯಾರೂ ಬೇಸರಪಟ್ಟುಕೊಳ್ಳಬಾರದು.

ಗುತ್ತಿಗೆ ಕೊಡುವಾಗ ನಮ್ಮಲ್ಲಿ ಮಾತುಕತೆ ಚದರದ ಲೆಕ್ಕದಲ್ಲಿ, ಒಂದು ಚದರಕ್ಕೆ ನೂರು ಚದರಡಿ. ಬರೀ ಕೂಲಿಗೆ ಕೊಡಬಹುದು, ಸಾಮಾನು ಸಮೇತವೂ ಕೊಡಬಹುದು. ಜಗಳ ಹುಟ್ಟುವುದು ದರದಲ್ಲಲ್ಲ, ಚದರವನ್ನು ಎಣಿಸುವ ರೀತಿಯಲ್ಲಿ. ಬಾಲ್ಕನಿ ಪೂರ್ತಿ ಲೆಕ್ಕವೋ ಅರ್ಧವೋ? ಮೆಟ್ಟಿಲ ಮೇಲಿನ ಕೋಣೆ? ಸಂಪು, ಕಾಂಪೌಂಡು, ಗೇಟು ಒಳಗೋ ಹೊರಗೋ? ಸಿಮೆಂಟು, ಕಂಬಿ, ವೈರು, ನಲ್ಲಿ ಯಾವ ಕಂಪನಿಯವು? ಇಷ್ಟನ್ನೂ ಕಾಗದದ ಮೇಲೆ ಬರೆಸಿ. ದುಡ್ಡು ಕೆಲಸದ ಹಿಂದೆ ಹೋಗಬೇಕು, ಮುಂದೆ ಹೋಗಬಾರದು. ಕೊನೆಯ ಕಂತಿನಲ್ಲಿ ಒಂದಿಷ್ಟನ್ನು ಮೊದಲ ಮಳೆಗಾಲ ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳುವ ಷರತ್ತನ್ನೂ ಆಗಲೇ ಸೇರಿಸಿ. ಕೊನೆಯಲ್ಲಿ ಕೇಳಿದರೆ ಯಾರೂ ಒಪ್ಪುವುದಿಲ್ಲ.

ಗುದ್ದಲಿ ಪೂಜೆಯಾಗಿ ಪಾಯ ತೋಡಿದರು ಅನ್ನಿ. ರಜೆ ಹಾಕಬೇಕಾದ ಮೊದಲ ದಿನ ಬಂತು. ಗುಂಡಿಗಿಳಿದು ತಳ ನೋಡಿ. ಗಟ್ಟಿ ಕೆಂಪು ಮಣ್ಣು ಅಥವಾ ಗರಸು ಸಿಕ್ಕಿದೆಯೋ, ಅಥವಾ ಹಳೆಯ ಕಟ್ಟಡದ ಕಸ ಸುರಿದು ತುಂಬಿಸಿದ ಜಾಗವೋ? ಕೆರೆಯಂಗಳದ ಬಳಿಯ ಲೇಔಟುಗಳಲ್ಲಿ ಎರಡನೆಯದು ಸಿಗುವ ಸಾಧ್ಯತೆ ಹೆಚ್ಚು. ಹುಬ್ಬಳ್ಳಿ, ವಿಜಯಪುರದ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ; ಅದರ ಮೇಲೆ ಬೆಂಗಳೂರಿನ ಪಾಯದ ಅಳತೆ ನಡೆಯುವುದಿಲ್ಲ. ನಕ್ಷೆಯಲ್ಲಿ ಐದಡಿ ಎಂದಿದ್ದರೂ ಐದಡಿಗೆ ಗಟ್ಟಿ ನೆಲ ಸಿಗದಿದ್ದರೆ ಇನ್ನೂ ತೋಡಬೇಕು. ತೋಡಿದ್ದಕ್ಕೆ ಹೆಚ್ಚುವರಿ ಹಣ ಕೊಡಿ, ಬೇಸರಿಸಬೇಡಿ. ಗೆದ್ದಲಿನ ಔಷಧಿ ಹೊಡೆಸುವುದೂ ನೆಲಕ್ಕೆ ಕಾಂಕ್ರೀಟು ಬೀಳುವ ಮೊದಲೇ.

ಕಂಬಿ ಕಟ್ಟಿ ಮುಗಿದ ಸಂಜೆ ಎರಡನೆಯ ರಜೆ. ಕಂಬಿಯ ತೂಕಕ್ಕೆ ಒಂದು ಸರಳ ಸೂತ್ರವಿದೆ: ಮಿಲಿಮೀಟರಿನಲ್ಲಿ ದಪ್ಪ ಎಷ್ಟೋ ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗಳಲ್ಲಿ ಸಿಗುತ್ತದೆ. 12 ಮಿಲಿಮೀಟರಿನ ಕಂಬಿ 12 ಮೀಟರ್ ಉದ್ದವಿದ್ದರೆ ಹೆಚ್ಚುಕಡಿಮೆ 10.7 ಕಿಲೋ. ಲಾರಿ ಬಂದ ದಿನ ನಾಲ್ಕು ಕಂಬಿ ತೂಗಿಸಿ ನೋಡಿದರೆ ಅಂಗಡಿಯವರಿಗೆ ನಿಮ್ಮ ಮೇಲೆ ಗೌರವ ಬರುತ್ತದೆ. ಕಂಬಿಗೂ ಹಲಗೆಗೂ ನಡುವೆ ಅಂತರ ಬಿಡುವ ಸಣ್ಣ ಸಿಮೆಂಟು ಬಿಲ್ಲೆಗಳಿಗೆ ಕವರ್ ಬ್ಲಾಕ್ ಎನ್ನುತ್ತಾರೆ. ಐಎಸ್ 456 ಸಂಹಿತೆ ಕಂಬಕ್ಕೆ 40, ಪಾಯದ ತಳಕ್ಕೆ 50, ಮಾಮೂಲಿ ತಾರಸಿಗೆ 20 ಮಿಲಿಮೀಟರ್ ಅಂತರ ಕೇಳುತ್ತದೆ. ಬಿಲ್ಲೆ ಇಲ್ಲದೆ ಜಲ್ಲಿಯ ಚೂರು ಸಿಕ್ಕಿಸಿದ್ದರೆ ಬಿಡಬೇಡಿ. ತೇವ ತಗುಲಿದ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಹಳೆಯ ಮನೆಗಳ ಸಜ್ಜದ ಅಡಿಯಲ್ಲಿ ಹಕ್ಕಳೆ ಉದುರಿ ಕಂಬಿ ಇಣುಕುವುದು ನೋಡಿರುತ್ತೀರಲ್ಲ, ಅಲ್ಲಿ ಕಡಿಮೆ ಬಿದ್ದದ್ದು ಬಹಳ ಸಲ ಈ ಅರ್ಧ–ಮುಕ್ಕಾಲು ಇಂಚೇ.

ಮೋಲ್ಡ್ ಹಾಕುವ ದಿನ ಹಬ್ಬದ ದಿನ. ಮಿಕ್ಸರಿನ ಸದ್ದು, ಬಾಂಡ್ಲಿ ಹೊತ್ತ ಸಾಲು, ಮಧ್ಯಾಹ್ನ ಎಲ್ಲರಿಗೂ ಊಟ. ನೆಂಟರು ಬರುತ್ತಾರೆ, ಫೋಟೋ ತೆಗೆಯುತ್ತಾರೆ. ನೀವು ಮಾತ್ರ ಮಿಕ್ಸರಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೀರು ಎಷ್ಟು ಬೀಳುತ್ತಿದೆ ಎಂದು ನೋಡುತ್ತಿರಿ. 50 ಕಿಲೋ ಸಿಮೆಂಟಿನ ಮೂಟೆಗೆ ಸುಮಾರು 25ರಿಂದ 27 ಲೀಟರ್ ನೀರು ಸಾಕು. ಕೆಲಸದವರಿಗೆ ನೀರು ಜಾಸ್ತಿಯಾದಷ್ಟೂ ಸುಲಭ, ಕಾಂಕ್ರೀಟು ತಾನೇ ಹರಿದು ಹರಡಿಕೊಳ್ಳುತ್ತದೆ. ಹೆಚ್ಚಾದ ಆ ನೀರು ಆವಿಯಾಗಿ ಹೋದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಬಲ ಕುಗ್ಗುತ್ತದೆ, ಮಳೆನೀರಿಗೆ ದಾರಿಯಾಗುತ್ತದೆ. ಒಂದು, ಒಂದೂವರೆ, ಮೂರು ಎಂಬ ಪ್ರಮಾಣದ ಎಂ20 ಕಾಂಕ್ರೀಟಿಗೆ ಘನ ಮೀಟರಿಗೆ ಸುಮಾರು ಎಂಟು ಮೂಟೆ ಸಿಮೆಂಟು ಬೇಕು. 800 ಚದರಡಿಯ, ಐದಿಂಚು ದಪ್ಪದ ತಾರಸಿ ಒಂಬತ್ತೂವರೆ ಘನ ಮೀಟರಿನ ಹತ್ತಿರ ಬರುತ್ತದೆ. ತೊಲೆಗಳನ್ನು ಬಿಟ್ಟು ಎಪ್ಪತ್ತೈದು ಮೂಟೆ. ಸಂಜೆ ಖಾಲಿ ಚೀಲ ಎಣಿಸಿದರೆ ಲೆಕ್ಕ ಸರಿಹೋಯಿತೋ ಇಲ್ಲವೋ ಗೊತ್ತಾಗುತ್ತದೆ. ವೈಬ್ರೇಟರ್ ಕೆಟ್ಟಿದೆ, ಕೋಲಿನಲ್ಲೇ ಚುಚ್ಚುತ್ತೇವೆ ಎಂದರೆ ಅಂದಿನ ಕೆಲಸ ಮುಂದಕ್ಕೆ ಹಾಕಿ, ಊಟ ತಯಾರಾಗಿದ್ದರೂ ಸರಿ.

ಮರುದಿನದಿಂದ ಶುರುವಾಗುವುದು ಯಾರೂ ಫೋಟೋ ತೆಗೆಯದ ಕೆಲಸ, ನೀರುಣಿಸುವುದು. ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆ ಎಂಬುದು ಎಲ್ಲರ ನಂಬಿಕೆ. ನಿಜದಲ್ಲಿ ಅದು ಗಟ್ಟಿಯಾಗುವುದು ನೀರಿನ ಜೊತೆ ಸಿಮೆಂಟು ನಡೆಸುವ ರಾಸಾಯನಿಕ ಕ್ರಿಯೆಯಿಂದ. ನೀರು ಒಣಗಿದರೆ ಕ್ರಿಯೆ ನಿಲ್ಲುತ್ತದೆ. ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಮನೆಗಳಿಗೆ ಹೆಚ್ಚಾಗಿ ಬಳಸುವ ಹಾರುಬೂದಿ ಬೆರೆತ ಪಿಪಿಸಿಗೆ ಕನಿಷ್ಠ 10 ದಿನ ತೇವ ಬೇಕು. ನಮ್ಮ ಮೇಸ್ತ್ರಿಗಳು ಹದಿನಾಲ್ಕು, ಇಪ್ಪತ್ತೊಂದು ಎನ್ನುವುದು ಅತಿಯೇನಲ್ಲ. ತಾರಸಿಯ ಮೇಲೆ ಗಾರೆಯಿಂದ ಸಣ್ಣ ಸಣ್ಣ ಪಾತಿ ಕಟ್ಟಿ ನೀರು ನಿಲ್ಲಿಸುತ್ತಾರೆ, ಅದು ಸುಲಭ. ಮರೆತುಹೋಗುವುದು ಕಂಬಗಳು. ನಿಂತ ಕಂಬದ ಮೇಲೆ ನೀರು ನಿಲ್ಲುವುದಿಲ್ಲ, ಗೋಣಿಚೀಲ ಸುತ್ತಿ ದಿನಕ್ಕೆ ಮೂರು ಸಲ ನೆನೆಸಬೇಕು. ಇಡೀ ಮನೆಯ ಭಾರ ಹೊರುವ ಕಂಬ ಎರಡೇ ದಿನ ನೀರು ಕುಡಿದು ನಿಂತಿರುವ ಸೈಟುಗಳನ್ನು ಬೇಕಾದಷ್ಟು ನೋಡಿದ್ದೇನೆ.

ಸೆಂಟ್ರಿಂಗ್ ಬಿಚ್ಚುವುದಕ್ಕೂ ಲೆಕ್ಕವಿದೆ. ಗೋಡೆಯಿಂದ ಗೋಡೆಗೆ ನಾಲ್ಕೂವರೆ ಮೀಟರಿನವರೆಗಿನ ತಾರಸಿಯ ಆಸರೆ ಕಂಬಗಳನ್ನು 7 ದಿನ, ಅದಕ್ಕಿಂತ ಅಗಲವಿದ್ದರೆ 14 ದಿನ ಬಿಡಬೇಕು. ಆರು ಮೀಟರಿನವರೆಗಿನ ತೊಲೆಗೆ 14, ಅದಕ್ಕೂ ಉದ್ದವಿದ್ದರೆ 21. ಇದು ಸಾಧಾರಣ ಸಿಮೆಂಟಿನ ಮಾತು. ಪಿಪಿಸಿ ಇನ್ನೂ ನಿಧಾನ. ಹಲಗೆ, ಜಾಕಿಗಳು ಬಾಡಿಗೆಯವಾದ್ದರಿಂದ ಬೇಗ ಬಿಚ್ಚುವ ಆತುರ ಗುತ್ತಿಗೆದಾರರಿಗೆ ಇದ್ದೇ ಇರುತ್ತದೆ.

ಗೋಡೆಯಲ್ಲಿ ಆಯ್ಕೆಗಳು ಬಹಳ: ಸಾಲಿಡ್ ಬ್ಲಾಕು, ವೈರ್‌ಕಟ್ ಇಟ್ಟಿಗೆ, ಹಗುರದ ಎಎಸಿ ಬ್ಲಾಕು. ಕೆಂಪು ಮಣ್ಣಿನ ಊರಿನವರಾದರೆ ಸಂಪು ತೋಡಿದ ಮಣ್ಣಿನಲ್ಲೇ ಇಟ್ಟಿಗೆ ಒತ್ತಿಸುವ ಯೋಚನೆ ಮಾಡಿ. ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತುವ ಈ ಬ್ಲಾಕುಗಳನ್ನು ರೂಢಿಗೆ ತಂದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಮುಖ್ಯರು. ಇವಕ್ಕೆ ಸುಡುವ ಸೌದೆ ಬೇಡ, ಹೊರಗಡೆ ಗಾರೆಯೂ ಬೇಡ.

ಗಾರೆ ಬಳಿಯುವ ಹಿಂದಿನ ದಿನ ಮತ್ತೊಂದು ರಜೆ. ಗೋಡೆ ಕೊರೆದು ಕೂರಿಸಿದ ನೀರಿನ ಪೈಪುಗಳಿಗೆ ಪಂಪು ಹಚ್ಚಿ ಒತ್ತಡ ಏರಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಬಚ್ಚಲಿನ ತಗ್ಗಿಸಿದ ನೆಲಕ್ಕೆ ವಾಟರ್‌ಪ್ರೂಫಿಂಗ್ ಆದಮೇಲೆ ನೀರು ತುಂಬಿ ಎರಡು ದಿನ ನಿಲ್ಲಿಸಿ, ಕೆಳಗಿನ ಕೋಣೆಗೆ ಹೋಗಿ ತಲೆಯೆತ್ತಿ ನೋಡಿ. ಇದಕ್ಕೆ ತಗಲುವ ಖರ್ಚು ಒಂದು ಟ್ಯಾಂಕರಿನಷ್ಟೂ ಇಲ್ಲ.

ನೀರಿನ ಮಾತು ಬಂದದ್ದರಿಂದ ಮಳೆನೀರಿನದೂ ಹೇಳಿಬಿಡುತ್ತೇನೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 70 ಚದರ ಮೀಟರ್ ತಾರಸಿ, ವರ್ಷಕ್ಕೆ 900 ಮಿಲಿಮೀಟರ್ ಮಳೆ ಎಂದುಕೊಂಡರೆ 63,000 ಲೀಟರ್. ಬೆಂಗಳೂರಿನಲ್ಲಿ 1,200 ಚದರಡಿ ಮತ್ತು ಮೇಲ್ಪಟ್ಟ ಸೈಟಿನ ಹೊಸ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ. ಹಲವರು ನಿಯಮಕ್ಕೆಂದು ಡ್ರಮ್ಮು ತೋರಿಸಿ ಮುಗಿಸುತ್ತಾರೆ. ತಾರಸಿಯ ಪೈಪುಗಳನ್ನೆಲ್ಲ ಸಂಪು ಇರುವ ಮೂಲೆಗೇ ತರುವಂತೆ ನಕ್ಷೆಯಲ್ಲೇ ಬರೆದರೆ ಹೆಚ್ಚಿನ ಖರ್ಚಿಲ್ಲ. ಆಮೇಲೆ ತರುವುದು ಗೋಡೆ ಒಡೆಯುವ ಕೆಲಸ.

ಗೃಹಪ್ರವೇಶದ ಮುಹೂರ್ತ ಗೊತ್ತಾದ ಮೇಲೆ ಮನೆಯ ಕೆಲಸ ಓಡಲು ತೊಡಗುತ್ತದೆ. ಹಸಿ ಗೋಡೆಗೆ ಪುಟ್ಟಿ, ಪುಟ್ಟಿಯ ಮೇಲೆ ಬಣ್ಣ, ಮರುವರ್ಷ ಹಕ್ಕಳೆ. ಜೋಯಿಸರ ಬಳಿ ಹೋಗುವ ಮುನ್ನ ಮೇಸ್ತ್ರಿಯನ್ನು ಕೇಳಿ, ಅವರು ಹೇಳಿದ ದಿನಕ್ಕೆ ಎರಡು ತಿಂಗಳು ಸೇರಿಸಿ ಮುಹೂರ್ತ ನೋಡಿಸಿ. ಬಣ್ಣವೇ ಇಲ್ಲದ ಮನೆಯಲ್ಲಿ ಹಾಲುಕ್ಕಿಸಿದರೂ ಹಾಲು ಉಕ್ಕುತ್ತದೆ.

ಮಂಜೂರಾದ ನಕ್ಷೆಗಿಂತ ಒಂದಡಿ ಆಚೀಚೆ ಮಾಡಿದರೆ ಯಾರು ಕೇಳುತ್ತಾರೆ ಎಂಬ ಕಾಲ ಮುಗಿಯುತ್ತಿದೆ. ಸ್ವಾಧೀನ ಪ್ರಮಾಣಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿತು. ಸಣ್ಣ ಮನೆಗಳಿಗೆ ವಿನಾಯಿತಿಯ ನಿಯಮಗಳು ಆಗಾಗ ಬದಲಾಗುವುದರಿಂದ ಪಾಯ ಹಾಕುವ ಮೊದಲೇ ಸ್ಥಳೀಯ ಕಚೇರಿಯಲ್ಲಿ ಲಿಖಿತವಾಗಿ ತಿಳಿದುಕೊಳ್ಳಿ.

ಇನ್ನೊಂದು ಕೆಲಸ ನಾನು ಮಾಡದೆ ಉಳಿದದ್ದು. ಗಾರೆ ಬಳಿಯುವ ಮುಂಚೆ ಪ್ರತಿ ಗೋಡೆಗೂ ಟೇಪು ಹಿಡಿಸಿ, ಪೈಪು ನೆಲದಿಂದ ಎಷ್ಟಡಿ, ಮೂಲೆಯಿಂದ ಎಷ್ಟಡಿ ಎಂದು ಕಾಣುವಂತೆ ಫೋಟೋ ತೆಗೆದಿಡಬೇಕು. ನಮ್ಮ ಮನೆಗೆ ಹೋದ ಮೂರನೆಯ ವಾರ ಗೀಸರ್ ಕೂರಿಸಲು ಬಂದ ಹುಡುಗ, “ಸಾರ್, ಇಲ್ಲಿ ಪೈಪ್ ಏನಾದ್ರೂ ಹೋಗಿದ್ಯಾ?” ಅಂದ. ನಾನು ಬಹಳ ಧೈರ್ಯವಾಗಿ, ಇಲ್ಲಪ್ಪ, ಆ ಕಡೆ ಹೋಗಿದೆ ಅಂದೆ. ಡ್ರಿಲ್ ಎರಡಿಂಚು ಒಳಗೆ ಹೋಗುವಷ್ಟರಲ್ಲಿ ಇಬ್ಬರೂ ನೆನೆದಿದ್ದೆವು.