ಪಾಯಿಂಟ್ ಕಂಬಳಿ

ಪಾಯಿಂಟ್ ಕಂಬಳಿಯು ಉತ್ತರ ಅಮೆರಿಕದ ತುಪ್ಪಳ ವ್ಯಾಪಾರದಲ್ಲಿ ಪ್ರಮುಖ ಸರಕಾಗಿದ್ದ ಉಣ್ಣೆಯ ಹೊದಿಕೆ. 18 ಮತ್ತು 19ನೆಯ ಶತಮಾನಗಳ ಜೀವನವನ್ನು ಮರುಅಭಿನಯಿಸುವ ಶಿಬಿರಗಳಲ್ಲಿ ಇದು ಇಂದಿಗೂ ಬಳಕೆಯಲ್ಲಿದೆ.

ಗುರುತುಗಳು

ಕಂಬಳಿಯ ಅಂಚಿನ ಬಳಿ ಇರುವ ಚಿಕ್ಕ ಗೆರೆಗಳಿಗೆ ‘ಪಾಯಿಂಟ್’ ಎಂದು ಹೆಸರು. ಇವು ಕಂಬಳಿಯ ಅಳತೆಯನ್ನು ಸೂಚಿಸುತ್ತವೆ. ಮಡಿಕೆ ಬಿಚ್ಚದೆಯೇ ಗಾತ್ರವನ್ನು ತಿಳಿಯಬಹುದು. ಇವು ವಿನಿಮಯಕ್ಕೆ ಕೊಡಬೇಕಾದ ಬೀವರ್ ತೊಗಲುಗಳ ಸಂಖ್ಯೆ ಎಂಬುದು ತಪ್ಪು ಕಲ್ಪನೆ. ಹಡ್ಸನ್ಸ್ ಬೇ ಕಂಪನಿಗಾಗಿ ಇಂತಹ ಕಂಬಳಿಗಳನ್ನು ಇಂಗ್ಲೆಂಡಿನ ವಿಟ್ನಿ ಪಟ್ಟಣದಲ್ಲಿ ನೇಯಲಾಗುತ್ತಿತ್ತು.

ಆಯ್ಕೆ

ಅಭಿನಯಿಸುವ ಕಾಲಕ್ಕೆ ಕಂಬಳಿಯು ಒಪ್ಪಬೇಕು. ಹಸಿರು, ಕೆಂಪು, ಹಳದಿ, ನೀಲಿ ಪಟ್ಟೆಗಳ ಪ್ರಸಿದ್ಧ ಬಿಳಿ ಕಂಬಳಿಯು 1756–1763ರ ಯುದ್ಧದ ಶಿಬಿರಕ್ಕೆ ಹೊಂದುವುದಿಲ್ಲ. ಗಾಢ ಬಣ್ಣದ ಒಂದೇ ಪಟ್ಟೆಯ ಬಿಳಿ ಕಂಬಳಿ ಸೂಕ್ತ. ಹೊಲಿದ ಕಂಪನಿ ಚೀಟಿಯೂ ನಂತರದ ಕಾಲದ್ದೇ.

ಒತ್ತಾಗಿ ನೇಯ್ದು, ನೀರಿನಲ್ಲಿ ಕುಟ್ಟಿ ಕುಗ್ಗಿಸಿದ ಬಟ್ಟೆಯು ಗಾಳಿಯನ್ನು ತಡೆಯುತ್ತದೆ. ಶುದ್ಧ ಉಣ್ಣೆಯು ತೇವವಾದರೂ ಸ್ವಲ್ಪಮಟ್ಟಿಗೆ ಬೆಚ್ಚಗಿಡುತ್ತದೆ. ಕಿಡಿ ಬಿದ್ದರೆ ಸುಲಭವಾಗಿ ಹೊತ್ತಿ ಉರಿಯುವುದಿಲ್ಲ. ಅಕ್ರಿಲಿಕ್ ಮಿಶ್ರಣವು ಕರಗಿ ಚರ್ಮಕ್ಕೆ ಅಂಟಿಕೊಳ್ಳಬಹುದಾದ್ದರಿಂದ ಒಲೆಯ ಬಳಿ ಅಪಾಯಕಾರಿ. ಪರೀಕ್ಷಿಸಲು ಒಂದು ಎಳೆಯನ್ನು ಚಿಮುಟದಲ್ಲಿ ಹಿಡಿದು ಸುಡಬೇಕು: ಉಣ್ಣೆಯು ಸುಟ್ಟ ಕೂದಲಿನ ವಾಸನೆ ಬೀರಿ, ಪುಡಿಯಾಗುವ ಬೂದಿಯನ್ನು ಉಳಿಸುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಉಂಡೆಯಾಗುತ್ತದೆ.

ಬಳಕೆ

ಮೈಭಾರಕ್ಕೆ ಅದುಮಿದ ಉಣ್ಣೆಯಲ್ಲಿ ಗಾಳಿ ನಿಲ್ಲದ ಕಾರಣ ನೆಲದ ತಂಪು ದೇಹದ ಶಾಖವನ್ನು ಬೇಗ ಸೆಳೆಯುತ್ತದೆ. ಆದ್ದರಿಂದ ಒಂದೇ ಕಂಬಳಿಯನ್ನು ನೆಚ್ಚದೆ, ಒಣಹುಲ್ಲಿನ ಮೇಲೆ ಒಂದನ್ನು ಹಾಸಿ ಇನ್ನೊಂದನ್ನು ಹೊದೆಯುವುದು ಉತ್ತಮ. ಶಿಬಿರದ ನಂತರ ಪೂರ್ಣವಾಗಿ ಒಣಗಿಸಿ, ನುಸಿ ತಗಲದಂತೆ ಮುಚ್ಚಿಡಬೇಕು.