ಮೋಟಾರು ಮನೆಯೂ ಮೊಗಿಲಿ ಘಟ್ಟವೂ

ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಕಡೆಯಿಂದ ಹೆದ್ದಾರಿ ಹಿಡಿದು ಚಿತ್ತೂರಿಗೆ ಹೋಗುವವರು ಪಲಮನೇರನ್ನು ದಾಟಿ ಮೊಗಿಲಿ ಘಟ್ಟವನ್ನು ಇಳಿಯಬೇಕು. ಮಂಚ, ಒಲೆ, ನೀರಿನ ತೊಟ್ಟಿಗಳನ್ನು ಹೊತ್ತ ಮೋಟಾರು ಮನೆಗೆ, ಎಂದರೆ ಕ್ಯಾರವಾನಿಗೆ, ಇದೇ ತಕ್ಕ ಪರೀಕ್ಷೆ. ಬಸ್ಸು ಒಮ್ಮೊಮ್ಮೆ ಬರಿದಾಗಿ ಓಡೀತು. ಇದು ಸದಾ ತುಂಬಿದ ಗಾಡಿ.

ಆದುದರಿಂದ ಕೊಳ್ಳುವವರು ಅಶ್ವಶಕ್ತಿಯ ದೊಡ್ಡ ಅಂಕೆಗೆ ಮರುಳಾಗಬಾರದು. ಎಂಜಿನ್ ನಿಧಾನವಾಗಿ ಸುತ್ತುವಾಗ ಎಷ್ಟು ತಿರುಗುಬಲವನ್ನು, ಎಂದರೆ ಟಾರ್ಕನ್ನು, ಕೊಡುತ್ತದೆಂಬುದೇ ಮುಖ್ಯ. ಡೀಸೆಲ್ಲಿಗೆ ಮನ್ನಣೆ ದೊರೆತಿರುವುದು ಇದರಿಂದಲೇ.

ಇನ್ನು ಸ್ವಯಂಚಾಲಿತ ಗೇರುಪೆಟ್ಟಿಗೆ. ಇದರ ಒಂದು ಬಗೆಯಲ್ಲಿ, ಜರ್ಮನಿಯ ಹರ್ಮನ್ ಫ್ಯೋಟಿಂಗರ್ 1905ರಲ್ಲಿ ಪೇಟೆಂಟು ಪಡೆದ ಉಪಾಯವೇ ಕೆಲಸಮಾಡುತ್ತದೆ. ಎಂಜಿನ್ನಿಗೆ ಜೋಡಿಸಿದ ಚಕ್ರವು ಎಣ್ಣೆಯನ್ನು ರಭಸದಿಂದ ತಳ್ಳಿ ಎದುರಿನ ಚಕ್ರವನ್ನು ತಿರುಗಿಸುತ್ತದೆ. ನಡುವಣ ಅಲಗುಗಳು ಹಿಂದಿರುಗುವ ಎಣ್ಣೆಯ ದಿಕ್ಕನ್ನು ಬದಲಿಸುವುದರಿಂದ, ಹೊರಡುವಾಗ ತಿರುಗುಬಲವು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಏರಿನಲ್ಲಿ ನಿಂತ ಭಾರದ ಗಾಡಿಯು ಕ್ಲಚ್ಚು ಸುಡುವ ಭಯವಿಲ್ಲದೆ ಮುಂದೆ ಸಾಗುವುದು ಹೀಗೆ. ಎಣ್ಣೆ ಮಾತ್ರ ಕಾಯುತ್ತದೆ. ಅದನ್ನು ತಣಿಸುವ ಏರ್ಪಾಡು ಚೆನ್ನಾಗಿರಬೇಕು.

ಇಳಿಜಾರಿನಲ್ಲಿ ಈ ಪೆಟ್ಟಿಗೆ ಗಾಡಿಯನ್ನು ತಡೆಹಿಡಿಯದೆಂಬುದು ಕೆಲವು ಮಾಲೀಕರ ದೂರು. ಲೆಕ್ಕಹಾಕಿ ನೋಡೋಣ. 3,500 ಕಿಲೋಗ್ರಾಂ ತೂಕದ ಗಾಡಿಯು 100 ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 34 ಲಕ್ಷ ಜೂಲ್. 10 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಲು ಇಷ್ಟು ಸಾಕು! ಇದರ ಬಹುಭಾಗವನ್ನು ಬ್ರೇಕುಗಳೇ ನುಂಗಬೇಕಾದರೆ ಅವು ಕಾದು ಹಿಡಿತ ತಪ್ಪುತ್ತವೆ. ಗೇರಿನ ಹಿಡಿಯನ್ನು ಸಾಮಾನ್ಯ ಓಟದ ಸ್ಥಾನದಲ್ಲೇ ಬಿಟ್ಟರೆ ಪೆಟ್ಟಿಗೆಯು ಮೇಲಿನ ಗೇರನ್ನು ಆರಿಸಿಕೊಳ್ಳಬಹುದು. ಆಗ ಎಂಜಿನ್ನಿನ ತಡೆ ಅಲ್ಪ. ಘಟ್ಟದ ತಲೆಯಲ್ಲೇ ಕೆಳಗಿನ ಗೇರಿಗೆ ಬದಲಿಸಿದರೆ ಎಂಜಿನ್ ವೇಗವಾಗಿ ಸುತ್ತುತ್ತ ಗಾಡಿಯನ್ನು ಹಿಂದಕ್ಕೆಳೆಯುತ್ತದೆ. ಗೇರನ್ನು ಹೀಗೆ ಕೈಯಿಂದಲೇ ಇಳಿಸಿ ನಿಲ್ಲಿಸುವ ಸೌಕರ್ಯವಿದೆಯೇ ಎಂಬುದನ್ನು, ಒಳಗಿನ ಮೆತ್ತೆ ಪರದೆಗಳನ್ನು ನೋಡುವ ಮೊದಲೇ, ವಿಚಾರಿಸತಕ್ಕದ್ದು.