ದೇಹದಾರ್ಢ್ಯ ಸ್ಪರ್ಧೆಯೂ ಮೇದಸ್ಸಿನ ಲೆಕ್ಕವೂ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಈ ಸೀಮೆಗೆ ಅಂಗಸಾಧನೆಯು ಹೊಸ ವಿಷಯವಲ್ಲ. ತಾಲೀಮಿನ ಮಣ್ಣಿನಲ್ಲಿ ದಂಡ-ಬೈಠಕ್ ಹೊಡೆದು, ಜಾತ್ರೆಯ ಕುಸ್ತಿಕಣದಲ್ಲಿ ಸೆಣಸುವ ಪೈಲವಾನರನ್ನು ನಮ್ಮ ಜನ ತಲೆತಲಾಂತರದಿಂದ ಗೌರವಿಸುತ್ತ ಬಂದಿದ್ದಾರೆ. ಈಚಿನ ವರ್ಷಗಳಲ್ಲಿ ಮೇಲಿನ ಇಯತ್ತೆಗಳ ಹುಡುಗರ ಮನಸ್ಸು ದೇಹದಾರ್ಢ್ಯ ಸ್ಪರ್ಧೆಯ ಕಡೆಗೂ ಹರಿದಿದೆ. ಪೈಲವಾನನಿಗೆ ಬಲವೂ ಪಟ್ಟುಗಳೂ ಮುಖ್ಯ. ದೇಹದಾರ್ಢ್ಯ ಪಟುವಿಗಾದರೋ ಸ್ನಾಯುಗಳ ಒಂದೊಂದು ರೇಖೆಯೂ ಎದ್ದು ಕಾಣುವಂತೆ ಚರ್ಮದ ಅಡಿಯ ಮೇದಸ್ಸು ಕರಗಿರಬೇಕು. ಅದನ್ನು ಕರಗಿಸುವ ಆತುರದಲ್ಲಿ ಕೆಲವರು ಊಟ ಬಿಡುತ್ತಾರೆ, ಕೆಲವರು ನೀರು ಬಿಡುತ್ತಾರೆ, ಮತ್ತೆ ಕೆಲವರು ಪಾಲಕರ ಬೆವರಿನ ಹಣವನ್ನು ಡಬ್ಬಿಗಳ ಪುಡಿಗೆ ಸುರಿಯುತ್ತಾರೆ. ಆದುದರಿಂದ ಈ ವಿಷಯದ ನಿಜಸ್ಥಿತಿಯನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ತಿಳಿಯಪಡಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲಿಗೆ ಒಂದು ಮಾತು: ಈ ವಿದ್ಯೆಯನ್ನು ನಾವು ಹಳಿಯುವವರಲ್ಲ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಕನ್ನಡಕ್ಕಿತ್ತ ಕೆ. ವಿ. ಅಯ್ಯರರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದ ಹೆಸರಾಂತ ಅಂಗಸಾಧಕರೂ ಆಗಿದ್ದರು. ಐದಡಿಗೂ ಕಡಿಮೆ ಎತ್ತರದ ಬಂಗಾಳದ ಮನೋಹರ ಐಚರು 1952ರಲ್ಲಿ ‘ಮಿಸ್ಟರ್ ಯೂನಿವರ್ಸ್’ ಸ್ಪರ್ಧೆಯ ತಮ್ಮ ವಿಭಾಗದಲ್ಲಿ ಗೆದ್ದು, ನೂರು ವರ್ಷಗಳನ್ನು ದಾಟಿ ಬಾಳಿ, 2016ರಲ್ಲಿ ತೀರಿಕೊಂಡರು. ದೇಹವನ್ನು ತಿದ್ದಿ ರೂಪಿಸುವುದು ಶಿಸ್ತಿನ ಕೆಲಸ. ಶಿಸ್ತು ಎಲ್ಲಿದ್ದರೂ ಮೆಚ್ಚತಕ್ಕದ್ದೇ.

‘ಸಹಜ’ ದೇಹದಾರ್ಢ್ಯ ಸ್ಪರ್ಧೆ ಎಂದರೆ ನಿಷಿದ್ಧ ಔಷಧಗಳ ಸಹಾಯವಿಲ್ಲದೆ ಬೆಳೆಸಿದ ದೇಹಗಳ ಸ್ಪರ್ಧೆ. ಸ್ಟಿರಾಯ್ಡುಗಳೆಂಬ ಔಷಧಗಳು ಸ್ನಾಯುಗಳನ್ನು ಬೇಗ ಉಬ್ಬಿಸುವುದೇನೋ ನಿಜ. ಆದರೆ ಅವು ಹೃದಯಕ್ಕೂ ಯಕೃತ್ತಿಗೂ ಕೇಡನ್ನುಂಟುಮಾಡುತ್ತವೆ. ಬೆಳೆಯುವ ಹುಡುಗರಲ್ಲಿ ಮೂಳೆಗಳ ತುದಿಯ ಬೆಳವಣಿಗೆಯನ್ನು ಅಕಾಲದಲ್ಲಿ ನಿಲ್ಲಿಸಿ ಎತ್ತರವನ್ನೇ ಕುಂಠಿತಗೊಳಿಸಬಲ್ಲವು. ಇಂಥ ಔಷಧಗಳನ್ನು ತಡೆಯಲು 1999ರಲ್ಲಿ ಜಾಗತಿಕ ಸಂಸ್ಥೆಯೂ 2005ರಲ್ಲಿ ನಮ್ಮ ದೇಶದ ಸಂಸ್ಥೆಯೂ ಸ್ಥಾಪಿತವಾದವು.

ಇನ್ನು ಮೇದಸ್ಸಿನ ವಿಚಾರ. ಮೇದಸ್ಸು ಶರೀರದ ಕಣಜ. ಉಂಡದ್ದರಲ್ಲಿ ದುಡಿಮೆಗೆ ಬೇಡವಾಗಿ ಉಳಿದ ಶಕ್ತಿಯನ್ನು ದೇಹವು ಅಲ್ಲಿ ಕೂಡಿಡುತ್ತದೆ. ಊಟಕ್ಕಿಂತ ದುಡಿಮೆ ಹೆಚ್ಚಾದಾಗ ಅಲ್ಲಿಂದ ತೆಗೆದು ಬಳಸುತ್ತದೆ. ಹೀಗೆ ಕರಗಿದ ಮೇದಸ್ಸು ಎಲ್ಲಿಗೆ ಹೋಗುತ್ತದೆ? ಬೆವರಾಗಿ ಹೋಗುತ್ತದೆಂದು ಹಲವರ ನಂಬಿಕೆ. ಅದು ಸರಿಯಲ್ಲ. ಹತ್ತು ಕಿಲೋ ಮೇದಸ್ಸು ದೇಹದಲ್ಲಿ ಪೂರ್ತಿ ಉರಿದಾಗ ಅದರಲ್ಲಿ ಸುಮಾರು 8.4 ಕಿಲೋ ಇಂಗಾಲದ ಡೈಆಕ್ಸೈಡಾಗಿ ಉಸಿರಿನ ಮೂಲಕ ಹೊರಬೀಳುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ವಿಜ್ಞಾನದ ತರಗತಿಯಲ್ಲಿ ಉಸಿರಾಟದ ಪಾಠವನ್ನು ಓದಿದವರಿಗೆ ಇದು ಸೋಜಿಗವೆನಿಸಬಾರದು. ಹೊಟ್ಟೆಯ ವ್ಯಾಯಾಮವನ್ನೇ ನೂರು ಸಲ ಮಾಡಿದರೆ ಹೊಟ್ಟೆಯ ಕೊಬ್ಬು ಮಾತ್ರ ಕರಗುವುದೆಂಬುದೂ ಭ್ರಮೆಯೇ. ಕಣಜದ ಯಾವ ಮೂಲೆಯಿಂದ ಮೊದಲು ತೆಗೆಯಬೇಕೆಂಬುದನ್ನು ದೇಹವೇ ನಿರ್ಧರಿಸುತ್ತದೆ.

ಈಗ ಒಂದು ಲೆಕ್ಕವನ್ನು ಮಾಡೋಣ. 70 ಕಿಲೋ ತೂಕದ ತರುಣನೊಬ್ಬನ ಶರೀರದಲ್ಲಿ ನೂರಕ್ಕೆ 15 ಪಾಲು ಮೇದಸ್ಸಿದೆ ಎಂದುಕೊಳ್ಳಿ. ಎಂದರೆ ಮೇದಸ್ಸು 10.5 ಕಿಲೋ, ಮಿಕ್ಕದ್ದು 59.5 ಕಿಲೋ. ವೇದಿಕೆಯ ಮೇಲೆ ಅವನು ನೂರಕ್ಕೆ 6 ಪಾಲಿಗೆ ಇಳಿಯಬೇಕು. ಸ್ನಾಯುವೇನೂ ನಷ್ಟವಾಗದಿದ್ದರೆ 59.5 ಕಿಲೋ ಎಂಬುದು ನೂರಕ್ಕೆ 94 ಪಾಲಾಗುವುದರಿಂದ ಅವನ ತೂಕ ಸುಮಾರು 63.3 ಕಿಲೋ ಆಗಬೇಕು; ಅಂದರೆ 6.7 ಕಿಲೋ ಮೇದಸ್ಸು ಕರಗಬೇಕು. ವಾರಕ್ಕೆ ದೇಹತೂಕದ ನೂರಕ್ಕೆ ಅರ್ಧದಿಂದ ಒಂದು ಪಾಲಿನಷ್ಟು ಮಾತ್ರ ಇಳಿಸುವುದು ಕ್ಷೇಮವೆಂದು ತಜ್ಞರು ಹೇಳುತ್ತಾರೆ. ಆ ಮೇರೆಗೆ ವಾರಕ್ಕೆ ಅರ್ಧ ಕಿಲೋ ಎಂದು ಹಿಡಿದರೆ ಹದಿನಾಲ್ಕು ವಾರಗಳು ಬೇಕು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಶಕ್ತಿ ಅಡಗಿರುವುದರಿಂದ ದಿನಕ್ಕೆ 550 ಕ್ಯಾಲರಿಯಷ್ಟು ಕೊರತೆ ಸಾಕು. ‘ಒಂದೇ ತಿಂಗಳಲ್ಲಿ ಕಡೆದ ಶಿಲ್ಪದಂಥ ದೇಹ’ ಎಂಬ ಜಾಹೀರಾತಿನ ಮಾತು ಈ ಲೆಕ್ಕಕ್ಕೆ ಹೊಂದುತ್ತದೆಯೇ ಎಂಬುದನ್ನು ವಾಚಕರೇ ನೋಡಬಹುದು.

ಆತುರಪಟ್ಟು ಊಟವನ್ನೇ ಬಿಟ್ಟರೆ ಏನಾಗುತ್ತದೆ? ಕಣಜದ ಜೊತೆಗೆ ದೇಹವು ಮನೆಯ ತೊಲೆಗಳನ್ನೂ ಕಿತ್ತು ಉರಿಸತೊಡಗುತ್ತದೆ. ಅಂದರೆ ಸ್ನಾಯುಗಳು ಕರಗುತ್ತವೆ. ಅವುಗಳನ್ನು ಉಳಿಸಿಕೊಳ್ಳಲು ಎರಡು ಉಪಾಯಗಳಿವೆ. ಒಂದು, ಭಾರ ಎತ್ತುವ ವ್ಯಾಯಾಮವನ್ನು ಬಿಡದಿರುವುದು. ಎರಡು, ಕಿಲೋ ತೂಕಕ್ಕೆ ದಿನವೊಂದಕ್ಕೆ ಸುಮಾರು ಎರಡು ಗ್ರಾಂ ಪ್ರೋಟೀನು ಸೇವಿಸುವುದು. ಮೇಲಿನ ತರುಣನಿಗೆ ಇದು 140 ಗ್ರಾಂ. ಇದಕ್ಕೆ ಬೆಲೆಬಾಳುವ ಡಬ್ಬಿಯೇ ಬೇಕೆಂದಿಲ್ಲ. 300 ಗ್ರಾಂ ಜೋಳದ ಹಿಟ್ಟಿನಲ್ಲಿ 30 ಗ್ರಾಂ, ಅರ್ಧ ಲೀಟರು ಹಾಲಿನಲ್ಲಿ 16, ಆರು ಮೊಟ್ಟೆಗಳಲ್ಲಿ 36, ನೂರು ಗ್ರಾಂ ಹೆಸರುಬೇಳೆಯಲ್ಲಿ 24, ಐವತ್ತು ಗ್ರಾಂ ಸೋಯಾ ವಡಿಯಲ್ಲಿ 26, ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ ಪ್ರೋಟೀನು ಹೆಚ್ಚುಕಡಿಮೆ ದೊರೆಯುತ್ತದೆ. ಕೂಡಿದರೆ 139. ಮೊಟ್ಟೆ ತಿನ್ನದ ಮನೆಯವರು ಮೊಸರು, ಕಾಳು, ಸೋಯಾಗಳನ್ನು ಹೆಚ್ಚಿಸಿಕೊಳ್ಳಬಹುದು. ಆದರೆ ಶೇಂಗಾದ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಮೇದಸ್ಸು ಇಳಿಸುವವನು ಶೇಂಗಾ ಚಟ್ನಿಯನ್ನು ಅಳೆದು ಬಡಿಸಿಕೊಳ್ಳಬೇಕು. ಡಬ್ಬಿಯ ಕೆಲವು ಪುಡಿಗಳಲ್ಲಿ ಲೇಬಲ್ಲಿನಲ್ಲಿ ಹೇಳದ ನಿಷಿದ್ಧ ವಸ್ತುಗಳು ಬೆರೆತಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ ಎಂಬುದನ್ನೂ ಮರೆಯಬಾರದು.

ಎಲ್ಲಕ್ಕಿಂತ ಅಪಾಯಕರವಾದುದು ನೀರನ್ನು ತ್ಯಜಿಸಿ ಬೆವರು ಸುರಿಸುವ ಪದ್ಧತಿ. ಅದರಿಂದ ತಕ್ಕಡಿಯ ಮುಳ್ಳು ಇಳಿಯುತ್ತದೆಯೇ ಹೊರತು ಮೇದಸ್ಸು ಇಳಿಯುವುದಿಲ್ಲ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕದ ವರ್ಗಕ್ಕೆ ಇಳಿಯಲೆಂದು ನೀರು ಬಿಟ್ಟು, ಬೆವರಿಳಿಸುವ ಉಡುಪು ತೊಟ್ಟು, ಕಾಯಿಸಿದ ಕೋಣೆಗಳಲ್ಲಿ ವ್ಯಾಯಾಮ ಮಾಡಿ, ಸುಮಾರು ಐದು ವಾರಗಳ ಅವಧಿಯಲ್ಲಿ ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡರು. ಅನಂತರವೇ ಅಲ್ಲಿ ನಿಯಮಗಳು ಬಿಗಿಯಾದವು. ಕುಸ್ತಿಯ ಸೀಮೆಯಲ್ಲಿ ವಾಸಿಸುವ ನಾವು ಈ ಸಂಗತಿಯನ್ನು ಎಂದೂ ನೆನಪಿನಲ್ಲಿಡಬೇಕು.

ಔಷಧ ಮುಟ್ಟದೆ, ತಜ್ಞರ ಸಲಹೆಯಂತೆ ನಡೆದವನಿಗೂ ಈ ಕೃಶತೆ ಪುಕ್ಕಟೆ ದೊರೆಯುವುದಿಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಹಜ ಸ್ಪರ್ಧಿಯೊಬ್ಬನನ್ನು ಹನ್ನೆರಡು ತಿಂಗಳು ಪರೀಕ್ಷಿಸಿತು. ಆರು ತಿಂಗಳ ಸಿದ್ಧತೆಯಲ್ಲಿ ಅವನ ಮೇದಸ್ಸು ನೂರಕ್ಕೆ 14.8ರಿಂದ 4.5ಕ್ಕೆ ಇಳಿಯಿತು, ಅದರೊಂದಿಗೆ ನಾಡಿಬಡಿತವು ನಿಮಿಷಕ್ಕೆ 53ರಿಂದ 27ಕ್ಕೆ ಇಳಿಯಿತು, ಪುರುಷಹಾರ್ಮೋನು ಕಾಲು ಭಾಗಕ್ಕೆ ಕುಗ್ಗಿತು, ಬಲ ತಗ್ಗಿತು, ಮನಸ್ಸಿನ ಸಮಾಧಾನವೂ ಕೆಟ್ಟಿತು. ಸ್ಪರ್ಧೆ ಮುಗಿದು ಊಟ ಹೆಚ್ಚಿದ ಮೇಲೆ ಬಹುಮಟ್ಟಿಗೆ ಎಲ್ಲವೂ ಮರಳಿದರೂ ಬಲವು ಪೂರ್ತಿ ಮರಳಲಿಲ್ಲ. ಸ್ತ್ರೀಯರಲ್ಲಾದರೆ ಅತಿಕೃಶತೆಯಿಂದ ಮಾಸಿಕ ಋತು ನಿಂತು ಮೂಳೆಗಳು ದುರ್ಬಲವಾಗುವುದುಂಟು. ಚಿತ್ರಗಳಲ್ಲಿ ಕಾಣುವ ಆ ಮೈಕಟ್ಟು ಒಂದು ದಿನದ ವೇದಿಕೆಗಾಗಿ ತಂದುಕೊಂಡದ್ದು. ವರ್ಷವಿಡೀ ಹಾಗೆಯೇ ಇರಲು ಆ ಪಟುವಿಗೂ ಸಾಧ್ಯವಿಲ್ಲ.

ಆದುದರಿಂದ ವಿದ್ಯಾರ್ಥಿಗಳೇ, ಹದಿನೆಂಟು ತುಂಬುವವರೆಗೆ ನಿಮ್ಮ ಶರೀರವು ಕಟ್ಟಡ ಏಳುತ್ತಿರುವ ಕಾಲದಲ್ಲಿದೆ. ಇಟ್ಟಿಗೆಗಳನ್ನು ಕೀಳುವ ಕಾಲ ಇದಲ್ಲ. ದಂಡ-ಬೈಠಕ್ ಹೊಡೆಯಿರಿ, ಓಡಿರಿ, ಮಲ್ಲಕಂಬ ಏರಿರಿ, ಹೊಟ್ಟೆತುಂಬ ಉಣ್ಣಿರಿ, ಎಂಟು ತಾಸಾದರೂ ನಿದ್ರಿಸಿರಿ. ಮುಂದೆ ತಾರುಣ್ಯದಲ್ಲಿ ಸ್ಪರ್ಧೆಗೆ ಇಳಿಯಬೇಕೆನಿಸಿದರೆ ಈಗ ಗಳಿಸಿದ ಬಲವೇ ಬಂಡವಾಳವಾಗುವುದು. ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೆ: ಮಗನು ಊಟದ ತಾಟನ್ನು ಸರಿಸುತ್ತಿದ್ದರೆ, ನೀರು ಕುಡಿಯಲು ಹಿಂಜರಿಯುತ್ತಿದ್ದರೆ, ಗುಟ್ಟಾಗಿ ಗುಳಿಗೆ-ಸೂಜಿಗಳನ್ನು ಇಟ್ಟುಕೊಂಡಿದ್ದರೆ ಗದರಿಸದೆ, ಬಳಿಯಲ್ಲಿ ಕೂರಿಸಿಕೊಂಡು ವಿಚಾರಿಸಿರಿ, ಬೇಕಾದಲ್ಲಿ ವೈದ್ಯರಲ್ಲಿಗೆ ಕರೆದೊಯ್ಯಿರಿ. ಶಾಲೆಗೂ ತಿಳಿಸಿರಿ. ಮಕ್ಕಳ ಆರೋಗ್ಯವನ್ನು ಕಾಯುವ ಹೊಣೆಯಲ್ಲಿ ಮನೆಯೂ ಶಾಲೆಯೂ ಸಮಪಾಲುದಾರರು.